ಜೀಪಿನ ಮುಂದೆ ನಡೆದವನು

ಉಳಿವೆಪ್ಪನ ಹಿಮ್ಮಡಿಗಳು ಒಡೆದು ಬಿರುಕು ಬಿಟ್ಟಿದ್ದವು. ಒಂದೊಂದು ಬಿರುಕಿನಲ್ಲಿ ಜೋಳದ ಕಾಳು ಕೂಡುವಷ್ಟು ಜಾಗ. ಅವನ ಹೆಂಡತಿ ಹೊಳೆವ್ವ ಮಲಗುವ ಮುಂಚೆ ಮೇಣ ಕಾಯಿಸಿ ತುಂಬುತ್ತಿದ್ದಳು. ಬೆಳಿಗ್ಗೆ ಎದ್ದು ಅವನು ಅದನ್ನು ಕೆತ್ತಿ ತೆಗೆಯುತ್ತಿದ್ದ. ಮೇಣ ಇದ್ದರೆ ನೆಲ ತಿಳಿಯುವುದಿಲ್ಲ ಎನ್ನುತ್ತಿದ್ದ. ಚಪ್ಪಲಿಯಂತೂ ದೂರದ ಮಾತು. ಅವನ ಕೆಲಸವೇ ಬರಿಗಾಲಿನದು. ಜೀಪಿನ ಮುಂದೆ ನಡೆಯುವುದು.

ಹಾನಗಲ್ಲ ತಾಲೂಕಿನ ನಮ್ಮ ಊರು ವರದಾ ಹೊಳೆಯ ದಂಡೆಗಿದೆ. ಊರ ಮುಂದೆ ಹೊಳೆ ಎರಡು ಕವಲಾಗಿ ಒಡೆದು ಮತ್ತೆ ಕೂಡುತ್ತದೆ. ನಡುವೆ ಹನ್ನೆರಡು ಎಕರೆಯ ನಡುಗಡ್ಡೆ. ಒಂದು ತುದಿಗೆ ಕೇದಿಗೆ ಹಿಂಡು, ಬಿದಿರು, ಉಳಿದದ್ದೆಲ್ಲ ಹೊಲ. ಸಂಕ್ರಾಂತಿ ಹೊತ್ತಿಗೆ ಊರ ಕಡೆಯ ಕವಲು ಬತ್ತಿ ಉಸುಕಾಗುತ್ತದೆ. ಆ ಉಸುಕನ್ನು ನಂಬಿದವನು ಕೆಟ್ಟ. ಮೇಲೆ ಗಟ್ಟಿ, ಒಳಗೆ ಹುದುಲು. ಎಮ್ಮೆ ಹೊಟ್ಟೆಮಟ ಇಳಿದು ಒದರುವುದನ್ನು ನಾನೇ ಕಂಡಿದ್ದೇನೆ. ಪ್ರತಿ ಮಳೆಗಾಲದಲ್ಲೂ ಹೊಳೆ ಆ ಹುದುಲನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಡುತ್ತದೆ. ಹೋದ ವರ್ಷದ ದಾರಿ ಈ ವರ್ಷ ದಾರಿಯಲ್ಲ.

ನಡುಗಡ್ಡೆ ಊರಿನ ದೊಡ್ಡ ಮನೆ, ವಾಡೆಯ ಶ್ರೀಪಾದರಾಯರದು. ಅದನ್ನು ಕೋರಿಗೆ ಮಾಡುವವನು ಅಂಬಿಗರ ಉಳಿವೆಪ್ಪ. ಅಂದರೆ ಬೀಜ ಇವನದು, ಬೆವರು ಇವನದು, ಬಂದದ್ದರಲ್ಲಿ ಅರ್ಧ ವಾಡೆಗೆ. ಅವನಪ್ಪನೂ ಹಾಗೇ ಮಾಡಿದ್ದ. ಕಾಗದ ಗೀಗದ ಏನೂ ಇಲ್ಲ. ಸುಗ್ಗಿಯಲ್ಲಿ ವಾಡೆಯ ಅಂಗಳಕ್ಕೆ ಚೀಲ ಹೊತ್ತು ಹಾಕಿ ಕೈಮುಗಿದು ಬಂದರೆ ಮುಗಿಯಿತು.

ಎಪ್ಪತ್ತನಾಲ್ಕರಲ್ಲಿ ರಾಯರು ಬೆಳಗಾವಿಯ ಲಿಲಾವಿನಲ್ಲಿ ಸವಾಲು ಕೂಗಿ ಒಂದು ಹಳೆಯ ಮಿಲಿಟರಿ ಜೀಪು ಹಿಡಿದು ತಂದರು. ಓಡಿಸಲಿಕ್ಕೆ ಸವಣೂರಿನ ಸಿರಾಜುದ್ದೀನ. ಮೊದಮೊದಲು ನೆಂಟರಿಷ್ಟರು ಬಂದರು. ಆಮೇಲೆ ಹುಬ್ಬಳ್ಳಿ, ಧಾರವಾಡದ ವ್ಯಾಪಾರಸ್ಥರು, ಡಾಕ್ಟರು, ಮುಂಬಯಿಯ ಬೀಗರು. ರಸ್ತೆ ಇಲ್ಲದ ಕಡೆ ಜೀಪು ಹಾರುತ್ತ ಕುಣಿಯುತ್ತ ಹೋಗುವುದೆಂದರೆ ಪೇಟೆಯ ಮಂದಿಗೆ ಏನೋ ಹುಚ್ಚು. ಉಸುಕು ದಾಟಿ, ನಡುಗಡ್ಡೆ ಏರಿ, ಬಿದಿರಿನ ನಡುವೆ ನುಗ್ಗಿ, ನೀರುನಾಯಿ ನೋಡಿ, ಗಿರಕಿ ಹೊಡೆದು ಬರುವುದು. ರಾಯರು ಇದಕ್ಕೆ 'ನಡುಗಡ್ಡೆ ಸವಾರಿ' ಎಂದು ಹೆಸರಿಟ್ಟರು. ಚೀಟಿ ಹರಿದು ರೊಕ್ಕ ತೆಗೆದುಕೊಳ್ಳತೊಡಗಿದರು. ಉಳಿವೆಪ್ಪನಿಗೆ ಸಿಗುತ್ತಿದ್ದದ್ದು ಒಂದು ಕಪ್ ಚಹಾ.

ಅವನು ಕೋಲು ಹಿಡಿದು ಮುಂದೆ ನಡೆಯಬೇಕು. ಹಿಮ್ಮಡಿ ಒತ್ತಿ ನೆಲ ನೋಡಬೇಕು. ಗಟ್ಟಿ ಇದ್ದರೆ ಬಲಗೈ ಎತ್ತಬೇಕು. ಹಿಂದೆ ಜೀಪು ಗುರುಗುಡುತ್ತಿರುತ್ತದೆ. ತಡವಾದರೆ ರಾಯರು ಸಿರಾಜನ ಕೈ ಸರಿಸಿ ತಾವೇ ಹಾರ್ನ್ ಒತ್ತುತ್ತಿದ್ದರು. ಎರಡು ಸಲ ಬಂಪರು ಅವನ ಸೊಂಟಕ್ಕೆ ಬಡಿದು ಮುಗ್ಗರಿಸಿ ಬಿದ್ದಿದ್ದ. ಗಾಡಿಯಲ್ಲಿದ್ದ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು.

ದಾಟಿದ ಮೇಲೆ ಗಾಡಿ ಎಲ್ಲಿ ಹಾಯಬೇಕು? ಇವನ ಕಲ್ಲಂಗಡಿ ಬಳ್ಳಿಯ ಮೇಲೆ. ಹೊಳೆವ್ವ ಸೆರಗು ಸಿಗಿಸಿಕೊಂಡು ಓಡಿಬರುತ್ತಿದ್ದಳು.

"ಎಪ್ಪಾ, ಆ ಕಡೆ ಬದುವಿನ ಮ್ಯಾಲೆ ಹೊಡಸ್ರೀ! ಮಿಡಿಗಾಯಿ ಅದಾವರೀ!"

"ಕಾಯಿ ಒಡದ್ರ ತಿನ್ನಲಿಕ್ಕೆ ಬರ್ತದಲ್ಲೇ?" ರಾಯರು ನಗುತ್ತಿದ್ದರು. "ಮಂದಿಗೂ ಒಂದೊಂದು ಹೋಳು ಕೊಡು."

ಅವಳು ಒಡೆದ ಕಾಯಿ ಬಳಿದುಕೊಂಡು ಎಮ್ಮೆಗೆ ಹಾಕುತ್ತಿದ್ದಳು. ಆ ನಷ್ಟವೂ ಇವರ ಅರ್ಧದಲ್ಲೇ ಹೋಗುತ್ತಿತ್ತು. ಹೊಟ್ಟೆ ಉರಿಯುತ್ತದೆ, ಬರೆಯುವಾಗ ಈಗಲೂ.

ಇನ್ನು ಒಂದು ವಹಿಯ ಕಥೆ. ಅದರಲ್ಲಿ ನನ್ನ ಪಾಪವೂ ಇದೆ, ಮುಚ್ಚಿಡುವುದಿಲ್ಲ. ನಾನು ಆ ಊರಿನ ಕನ್ನಡ ಶಾಲೆಯ ಮಾಸ್ತರ.

ಬಂದ ಮಂದಿ ಹೋಗುವಾಗ ನಾಲ್ಕು ಸಾಲು ಬರೆಯಲಿ ಎಂದು ರಾಯರು ವಾಡೆಯಲ್ಲಿ ಒಂದು ಕೆಂಪು ರಟ್ಟಿನ ವಹಿ ಇಟ್ಟಿದ್ದರು. ಅದನ್ನು ಕಂಡ ಉಳಿವೆಪ್ಪನಿಗೆ ತಮ್ಮ ಮನೆತನದ ರೂಢಿ ನೆನಪಾಯಿತು. ಹಿಂದೆ ಮಳೆಗಾಲದಲ್ಲಿ ಅವನಜ್ಜ ಹರಗೋಲಿನಲ್ಲಿ ಮಂದಿಯನ್ನು ದಾಟಿಸಿದಾಗ, ಸಂಜೆ ಚಾವಡಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬರುತ್ತಿದ್ದನಂತೆ. ಇಷ್ಟು ಜೀವ ನನ್ನ ಕೈಯಲ್ಲಿ ಹೋದವು, ಇಷ್ಟೂ ತಿರುಗಿ ಬಂದವು ಎಂದು ಅದರ ಅರ್ಥ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಅದು ಅಂಬಿಗನ ಮಾನ.

"ಧಣ್ಯಾರ, ಅವರು ಬರದದ್ದರ ಬುಡಕ ನಂದೊಂದು ಹೆಬ್ಬಟ್ಟು ಇರ್ಲಿರಿ," ಎಂದು ಅವನೇ ಕೇಳಿಕೊಂಡ.

ರಾಯರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ, "ಅಗದೀ ಛಲೋ ಆತು. ಒತ್ತು, ಪ್ರತಿಯೊಂದಕ್ಕೂ ಒತ್ತು," ಎಂದರು. ಮರುದಿನವೇ ಅಕ್ಕಿಆಲೂರಿನ ಸಂತೆಯಿಂದ ಮಸಿಯ ಪೆಟ್ಟಿಗೆ ತರಿಸಿದರು.

ಭಾನುವಾರ ಸಂಜೆ ಉಳಿವೆಪ್ಪ ನನ್ನನ್ನು ವಾಡೆಯ ಕಟ್ಟೆಗೆ ಎಳೆದುಕೊಂಡು ಹೋಗುತ್ತಿದ್ದ. "ಮಾಸ್ತರ, ಇವತ್ತಿನ ಮಂದಿ ಏನ ಬರದಾರ, ಓದ್ರಿ."

ನಾನು ಓದುತ್ತಿದ್ದೆ. 'ಉಳಿವೆಪ್ಪ ಬಹಳ ಜಾಣ. ಅವನ ಕಾಲಿಗೆ ಕಣ್ಣಿವೆ.' ಅವನು ಮಗುವಿನಂತೆ ನಗುತ್ತಿದ್ದ. ಬರೆದದ್ದು ಮಾತ್ರ ಹಾಗಿರಲಿಲ್ಲ. 'ರಾಯರ ಆಳು ಉಳಿವೆಪ್ಪ' ಎಂದಿರುತ್ತಿತ್ತು. 'ರಾಯರ ನಂಬಿಗಸ್ತ ಕೂಲಿಯವ', 'ಸಂಬಳದ ಆಳಾದರೂ ಪ್ರಾಮಾಣಿಕ'. ಎದುರಿಗೆ ನಿಂತವನ ಮುಖ ನೋಡಿ 'ಆಳು' ಎಂದು ಓದಲಿಕ್ಕೆ ನನಗೆ ನಾಚಿಕೆ. ಆ ಶಬ್ದ ನುಂಗಿ ಮುಂದಿನದನ್ನು ಓದುತ್ತಿದ್ದೆ. ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂದು ತಿಳಿದಿದ್ದೆ. ಮೂರು ವರ್ಷ ಹೀಗೇ ನಡೆಯಿತು.

ಈ ನಡುವೆ ಉಳುವವನಿಗೇ ಭೂಮಿ ಎಂಬ ಕಾಯ್ದೆ ಬಂದಿತ್ತು. ಕೋರಿಗೆ ಮಾಡುವವರು ಏಳನೇ ನಮೂನೆಯ ಅರ್ಜಿ ಹಾಕಿಕೊಳ್ಳಬೇಕು, ಹೊಲ ಅವರ ಹೆಸರಿಗೆ ಆಗುತ್ತದೆ. ಸಂಬಳದ ಆಳಿಗೆ ಆ ಹಕ್ಕಿಲ್ಲ. ಉಳಿವೆಪ್ಪನ ಅರ್ಜಿಯನ್ನು ನಾನೇ ಬರೆದೆ. ಸುದ್ದಿ ತಿಳಿದು ರಾಯರು ಬಯ್ಯಲಿಲ್ಲ, ಹೊಡೆಯಲಿಲ್ಲ. ಮೊದಲಿನ ಹಾಗೆಯೇ ಜೀಪು ಕಳಿಸಿದರು, ಚಹಾ ಕೊಟ್ಟರು, ಹೆಬ್ಬೆಟ್ಟು ಒತ್ತಿಸಿಕೊಂಡರು. ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಎಪ್ಪತ್ತೇಳರ ದೀಪಾವಳಿ ದಾಟಿದ ಮೇಲೆ ಭೂ ನ್ಯಾಯಮಂಡಳಿಯ ಮುಂದೆ ವಿಚಾರಣೆ. ರಾಯರ ವಕೀಲ ಕೆಂಪು ವಹಿ ಬಿಚ್ಚಿದ.

"ಸ್ವಾಮಿ, ಈತ ಕೋರಿನವ ಅಲ್ಲ. ನಮ್ಮ ಕಕ್ಷಿದಾರರ ಸಂಬಳದ ಆಳು. ಅವರು ದಿನಾಲೂ ಸ್ವತಃ ನಡುಗಡ್ಡೆಗೆ ಹೋಗಿ, ಮುಂದ ನಿಂತು, ಆಳುಗಳಿಂದ ಸಾಗುವಳಿ ಮಾಡಸ್ತಾರ. ನೋಡ್ರಿ, ಇಷ್ಟು ಮಂದಿ ದೊಡ್ಡವರು ಬರದಾರ, ಆಳು ಅಂತ. ಪ್ರತಿಯೊಂದರ ಬುಡಕ ಈತನ ಹೆಬ್ಬಟ್ಟು."

ಅವನು ಒಂದೊಂದೇ ಹಾಳೆ ಓದಿದ. ಆಳು. ಆಳು. ಕೂಲಿಯವ. ಆಳು. ಏನನ್ನೂ ನುಂಗಲಿಲ್ಲ.

ಉಳಿವೆಪ್ಪ ನನ್ನ ಕಡೆ ತಿರುಗಿದ. "ಮಾಸ್ತರ, ಹಂಗ ಬರದಿತ್ತೇನು?"

ನಾನು ತಲೆ ತಗ್ಗಿಸಿದೆ.

"ನೀವು ಓದಲಿಲ್ಲಲ್ಲ?"

ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಬದುಕುತ್ತಿದ್ದೆ. ಹೊರಗೆ ಬಂದ ಮೇಲೆ ಹೊಳೆವ್ವ ಮಾತ್ರ ಬಿಡಲಿಲ್ಲ.

"ಅಕ್ಷರ ಕಲ್ತ ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ಆಳು ಅಂದಿದ್ರ ಅವತ್ತ ಕೈ ಹಿಂದ ತಗೀತಿದ್ದ. ನನ್ನ ಹೊಲಾ ನೀವಾ ಕಳದ್ರಿ."

ಮಂಡಳಿಯ ಅಧ್ಯಕ್ಷರು ಮೈಸೂರು ಕಡೆಯ ಒಬ್ಬ ಅಧಿಕಾರಿ, ಮಿತಮಾತಿನವರು. ಸ್ಥಳ ನೋಡಿ ತೀರ್ಪು ಕೊಡುತ್ತೇವೆ ಎಂದಿದ್ದರು. ಅಷ್ಟೇ ನಮಗೆ ಉಳಿದದ್ದು.

ಅವರು ಬಂದದ್ದು ಸಂಕ್ರಾಂತಿ ಮುಗಿದು ಎಂಟು ದಿನಕ್ಕೆ. ಕವಲು ಆಗಷ್ಟೇ ಇಳಿದಿತ್ತು. ಉಸುಕಿನ ಮೇಲೆ ತೆಳ್ಳಗೆ ನೀರು ಇನ್ನೂ ಜಿನುಗುತ್ತಿತ್ತು. ಹೆಜ್ಜೆ ಇಟ್ಟು ತೆಗೆದರೆ ಗುರುತು ಅಲ್ಲೇ ಮುಚ್ಚಿಕೊಳ್ಳುತ್ತಿತ್ತು. ಆ ವರ್ಷದ ಸವಾರಿ ಇನ್ನೂ ಶುರುವಾಗಿರಲಿಲ್ಲ. ಊರಿನ ನೂರು ಮಂದಿ ದಂಡೆಯ ಮತ್ತಿಮರದ ಕೆಳಗೆ ಕೂಡಿದ್ದರು.

ರಾಯರು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದರು. ಅಧ್ಯಕ್ಷರನ್ನೂ ಗುಮಾಸ್ತನನ್ನೂ ಜೀಪಿನಲ್ಲಿ ಹತ್ತಿಸಿ, ಎಂದಿನ ದನಿಯಲ್ಲಿ ಕೂಗಿದರು.

"ಏ ಉಳಿವ್ಯಾ! ಕೋಲು ತಗೊ, ಮುಂದ ನಡಿ."

ಉಳಿವೆಪ್ಪ ಮರದ ಬೇರಿನ ಮೇಲೆ ಕುಂತಿದ್ದ. ಏಳಲಿಲ್ಲ.

"ನಿನಗ ಹೇಳಿದ್ದು, ಕಿವಿ ಕೇಳಸ್ತದೋ ಇಲ್ಲೋ?"

"ಕೇಳಸ್ತೈತ್ರಿ," ಎಂದ ಉಳಿವೆಪ್ಪ. "ನೀವು ದಿನಾಲೂ ಹೋಗಿ ಮುಂದ ನಿಂತು ಸಾಗುವಳಿ ಮಾಡಸ್ತೀರಂತ ಕಾಗದದಾಗ ಬರಸೀರಿ. ದಿನಾ ಹೋಗಾವ್ರಿಗೆ ನಾ ಯಾಕ ಬೇಕ್ರಿ? ನೀವ ನಡೀರಿ ಮುಂದ."

ಅಧ್ಯಕ್ಷರು ರಾಯರ ಕಡೆ ನೋಡಿದರು. "ಅವರು ಹೇಳೋದು ಸರಿ ಇದೆಯಲ್ಲ ರಾಯರೇ. ದಾರಿ ನಿಮಗೆ ಗೊತ್ತಿರಬೇಕು."

"ಗೊತ್ತಿಲ್ಲದೇ ಏನು? ಮೂವತ್ತು ವರ್ಷ ಆತು. ಕಣ್ಣು ಮುಚ್ಚಿ ಹೋಗ್ತೀನಿ," ಎಂದರು ರಾಯರು. "ಸಿರಾಜ, ಹೊಡಿ."

ಸಿರಾಜುದ್ದೀನ ಚಾವಿ ತೆಗೆದು ರಾಯರ ಮುಂದೆ ಹಿಡಿದ. "ಉಳಿವೆಪ್ಪ ಮುಂದ ಇಲ್ಲದ ನಾ ಗಾಡಿ ಇಳಸಂಗಿಲ್ರಿ ಸಾಬ್. ನನಗ ಮೂರ ಹೆಣ್ಣಮಕ್ಕಳು ಅದಾವು."

ಅಧ್ಯಕ್ಷರು ಮೆಲ್ಲಗೆ ಕೆಳಗಿಳಿದರು. ಗುಮಾಸ್ತ ಅವರಿಗಿಂತ ಮೊದಲೇ ಹಾರಿದ್ದ. "ನೀವು ಮೊದಲು ದಾಟಿ ರಾಯರೇ, ನಾವು ನೋಡ್ತೇವೆ."

ರಾಯರ ಮುಖ ಕೆಂಪಾಯಿತು. ಚಾವಿ ಕಸಿದುಕೊಂಡು ತಾವೇ ಕುಂತು ಗಾಡಿ ಹೊಡೆದರು. ಮತ್ತಿಮರದಿಂದ ಬಿದಿರು ಹಿಂಡಿಗೆ ನೇರ ಹೋಗುವುದು ಹೋದ ವರ್ಷದ ದಾರಿ. ಅವರಿಗೆ ಗೊತ್ತಿದ್ದದ್ದು ಅದೊಂದೇ.

ನಾನು ಉಳಿವೆಪ್ಪನನ್ನು ನೋಡಿದೆ. ಅವನು ಜೀಪನ್ನು ನೋಡುತ್ತಿರಲಿಲ್ಲ. ಜೀಪಿನ ಮುಂದಿನ ನೆಲ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು. "ಇನ್ನ ಹತ್ತು ಮಾರು," ಎಂದ. "ಇನ್ನ ಐದು."

ಮುಕ್ಕಾಲು ದಾರಿ ಹೋದಮೇಲೆ ಜೀಪಿನ ಮೂತಿ ಮೆಲ್ಲಗೆ ಕೆಳಗೆ ಬಾಗಿತು. ಗಾಲಿ ಗಿರಗಿರ ತಿರುಗಿ ಕೆಸರು ಚಿಮ್ಮಿತು. ತಿರುಗಿದಷ್ಟೂ ಇಳಿಯಿತು. ರಾಯರು ಬಾನೆಟ್ಟು ಹತ್ತಿ ನಿಂತರು. ಧೋತರದ ಅಂಚು ಹುದುಲಿಗೆ ಹತ್ತಿತ್ತು. ದಂಡೆಯಲ್ಲಿ ಒಬ್ಬರೂ ಹೌಹಾರಲಿಲ್ಲ. ಯಾರೋ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. ಹೊಳೆವ್ವನೇ ಇರಬೇಕು.

"ಗುದ್ಲೆಪ್ಪಾ, ಎತ್ತು ತಗೊಂಬಾರೋ!" ರಾಯರು ಒದರಿದರು. ಜೀಪು ಎಲ್ಲಾದರೂ ಸಿಕ್ಕಿಬಿದ್ದಾಗೆಲ್ಲ ಎಳೆಯಲಿಕ್ಕೆ ಬರುತ್ತಿದ್ದದ್ದು ಗುದ್ಲೆಪ್ಪನ ಎತ್ತು. ಕರೆದಾಗ ಬಿತ್ತನೆ ಬಿಟ್ಟು ಬರಬೇಕಿತ್ತು.

ಗುದ್ಲೆಪ್ಪ ಅಲ್ಲಿಯೇ ಎತ್ತು ಹಿಡಿದು ನಿಂತಿದ್ದ. ಒಂದರ ಬೆನ್ನು ಸವರಿದ. "ಇವತ್ತ ಇವಕ್ಕ ಮನಸಿಲ್ರಿ," ಎಂದ. ಹಗ್ಗ ಹಿಡಿದು ಊರ ಕಡೆ ತಿರುಗಿಸಿಕೊಂಡು ಹೋದ.

ಅಧ್ಯಕ್ಷರಿಗೆ ಗಾಬರಿಯಾಯಿತು. "ಮನುಷ್ಯನ ಜೀವ ಕಣಯ್ಯ. ಏನಾದರೂ ಮಾಡಿ."

"ಸಾಯಾಕ ಬಿಡೂದಿಲ್ರಿ," ಉಳಿವೆಪ್ಪ ಎದ್ದ. "ನಮ್ಮ ಮನಿತನದಾಗ ಹೊಳಿಗೆ ಒಂದು ಜೀವಾನೂ ಕೊಟ್ಟಿಲ್ಲ. ಸತ್ರ ಇವರು ಬರಸಿದ ಮಾತಿಗೆ ಜವಾಬ ಯಾರ ಕೊಡ್ತಾರ?"

ಅವನು ಮತ್ತಿಮರದಿಂದ ನೇರ ಹೋಗಲಿಲ್ಲ. ಕೆಳಗೆ ಸುತ್ತು ಹಾಕಿ, ಅಲ್ಲಿಂದ ಅಡ್ಡ ತಿರುಗಿ, ಹಿಮ್ಮಡಿ ಒತ್ತುತ್ತ ಹೋದ. ಕೋಲು ಚಾಚಿ ರಾಯರನ್ನು ಎಳೆದು ಹತ್ತಿರವಿದ್ದ ನಡುಗಡ್ಡೆಯ ದಂಡೆಗೆ ಹಾಕಿದ. ಆಮೇಲೆ ತಿರುಗಿ ಬಂದು ಅಧ್ಯಕ್ಷರ ಮುಂದೆ ನಿಂತ.

"ಹೊಲಾ ನೋಡಾಕ ಬಂದೀರಲ್ರಿ ಸಾಹೇಬ್ರ. ಬರ್ರಿ. ಬೂಟು ಬಿಚ್ಚ್ರಿ. ನಾ ಇಟ್ಟಲ್ಲೇ ಕಾಲ ಇಡ್ರಿ."

ಅಧ್ಯಕ್ಷರು ಬೂಟು ಬಿಚ್ಚಿದರು. ಹಿಂದೆ ಗುಮಾಸ್ತ, ನಾನು, ಹೊಳೆವ್ವ, ಊರಿನ ಹತ್ತಿಪ್ಪತ್ತು ಮಂದಿ. ಉಳಿವೆಪ್ಪ ಒಮ್ಮೆಯೂ ಹಿಂದೆ ತಿರುಗಿ ನೋಡಲಿಲ್ಲ.

ನಡುಗಡ್ಡೆಯಲ್ಲಿ ಹಿಂಗಾರಿ ಜೋಳ ತೆನೆ ಕಟ್ಟಿತ್ತು. ಒತ್ತಿಗೆ ಮೆಣಸಿನಗಿಡ, ಅಂಚಿನ ತಗ್ಗಿನಲ್ಲಿ ಕಲ್ಲಂಗಡಿ ಬಳ್ಳಿ. ರಾಯರು ಬದುವಿನ ಮೇಲೆ ಕೆಸರು ಒರೆಸಿಕೊಳ್ಳುತ್ತ ನಿಂತಿದ್ದರು. ಅಧ್ಯಕ್ಷರು ಬಾಗಿ ಒಂದು ಬಳ್ಳಿ ಎತ್ತಿ ನೋಡಿದರು.

"ಈ ಬೀಜ ಯಾವಾಗ ಹಾಕಿಸಿದ್ರಿ ರಾಯರೇ?"

"ಹೋದ ತಿಂಗಳು ಇರಬೇಕು. ಆಳಿನವ್ರು ನೋಡಿಕೋತಾರ."

"ಹೋದ ತಿಂಗಳ ಈ ತಗ್ಗಿನ್ಯಾಗ ಮೊಳಕಾಲ್ಮಟ ನೀರಿದ್ದೂರಿ," ಹೊಳೆವ್ವ ಮುಂದೆ ಬಂದಳು. "ನೀರ ಇಳಿಯೂ ಮುಂಚೆ ಎಲಿ ದೊನ್ನಿಯಾಗ ಸಸಿ ಎಬ್ಬಿಸಿ, ನೀರ ಇಳದ ದಿನಾ ತಂದ ನೆಟ್ಟೇನಿ. ಇಕಾ, ಬುಡಕ ಕೈ ಹಾಕ್ರಿ ಸಾಹೇಬ್ರ. ಮುತ್ತಲದ ಎಲಿ ಇನ್ನಾ ಕೊಳತಿಲ್ಲ."

ಅಧ್ಯಕ್ಷರು ಕೈಹಾಕಿದರು. ಹಸಿ ಮಣ್ಣಿನಲ್ಲಿ ಎಲೆಯ ಚೂರು ಬಂತು. ಅವರು ಅದನ್ನು ಗುಮಾಸ್ತನಿಗೆ ತೋರಿಸಿದರು.

"ಆಕಿಗೂ ನಾನೇ ಕೂಲಿ ಕೊಡ್ತೀನಿ," ಎಂದರು ರಾಯರು. "ಇದೆಲ್ಲಾ ಇವರು ಕಲಿತು ಬಂದ ಮಾತು. ಆ ವಹಿ ನೋಡ್ರಿ. ಈತನ ಹೆಬ್ಬಟ್ಟು ಅದ. ದಿನಾ ಬಂದು ನಿಂತು ಮಾಡಸಾಂವ ನಾನು."

ಅದೇ ಮಾತು, ಕೆಸರಿನಿಂದ ಎದ್ದು ಬಂದ ಮೇಲೂ. ಅವರನ್ನು ಅಲ್ಲೇ ಬಿಡಬೇಕಿತ್ತು ಎನಿಸಿತು. ಎನಿಸಿದ್ದಕ್ಕೆ ನನಗೆ ನಾಚಿಕೆ ಇಲ್ಲ.

ಹೊತ್ತು ಇಳಿಯುತ್ತ ಬಂತು. "ಹೋಗೋಣ," ಎಂದರು ಅಧ್ಯಕ್ಷರು. ಎಲ್ಲರೂ ಉಸುಕಿನ ಅಂಚಿಗೆ ಬಂದೆವು. ಉಳಿವೆಪ್ಪ ಕೋಲೂರಿ ನಿಂತು ರಾಯರಿಗೆ ಹೇಳಿದ:

"ನಿಮಗೂ ದಾರಿ ತೋರಸ್ತೇನ್ರಿ. ದಾರಿ ಗೊತ್ತಿಲ್ಲ, ತೋರಸು ಅನ್ರಿ. ಅಷ್ಟ ಅನ್ರಿ, ಸಾಕು."

ರಾಯರು ಅಧ್ಯಕ್ಷರನ್ನು ನೋಡಿದರು. ಗುಮಾಸ್ತನ ಕೈಯಲ್ಲಿ ಪೆನ್ನು ಇತ್ತು. ದಿನಾಲೂ ಬರುವವನಿಗೆ ದಾರಿ ಗೊತ್ತಿಲ್ಲವೇ ಎಂದು ನಾಳೆ ಕೇಳುತ್ತಾರೆ. ಗೊತ್ತಿಲ್ಲ ಎಂದುಬಿಟ್ಟರೆ ಹೊಲ ಹೋಯಿತು. ಅದು ರಾಯರಿಗೆ ತಿಳಿಯಿತು, ನಮಗೂ ತಿಳಿಯಿತು.

"ನನಗ್ಯಾಕೋ ನಿನ್ನ ದಾರಿ?" ಎಂದರು ರಾಯರು. "ನೀವು ಮುಂದ ಹೋಗ್ರಿ ಸಾಹೇಬ್ರ. ದಿನಾ ಓಡಾಡೋ ದಾರಿ. ನಾ ಹಿಂದಿಂದ ಬರ್ತೀನಿ."

"ಹಂಗಾದ್ರ ಬರ್ರಿ," ಎಂದು ಉಳಿವೆಪ್ಪ ನಡೆದೇಬಿಟ್ಟ.

ನಾವು ಅವನ ಬೆನ್ನ ಹಿಂದೆ ಸಾಲಾಗಿ ದಾಟಿದೆವು. ಕೊನೆಯವನ ಹೆಜ್ಜೆ ಎತ್ತಿದ ಕೂಡಲೇ ನೀರು ಜಿನುಗಿ ಗುರುತು ಮುಚ್ಚಿತು. ದಂಡೆ ಹತ್ತಿ ತಿರುಗಿ ನೋಡಿದರೆ ಉಸುಕು ತೊಳೆದಿಟ್ಟ ಹಾಗೆ ಬಯಲಾಗಿತ್ತು.

ಅಧ್ಯಕ್ಷರು ಬೂಟು ಹಾಕಿಕೊಳ್ಳುತ್ತ ಮರದ ಕೆಳಗೆ ಕುಂತರು. ಯಾರೋ ಚಹಾ ತಂದರು. ಎಲ್ಲರೂ ಆಚೆ ದಂಡೆ ನೋಡುತ್ತ ಕುಂತೆವು. ರಾಯರು ಒಂದು ಕಾಲು ಇಟ್ಟರು, ತೆಗೆದರು. ಎಡಕ್ಕೆ ಹೋದರು, ಬಲಕ್ಕೆ ಬಂದರು. ಜೀಪಿನ ಕಡೆ ನೋಡಿದರು. ಅದು ಈಗ ಸ್ಟೇರಿಂಗಿನವರೆಗೆ ಇಳಿದಿತ್ತು. ಮತ್ತೊಮ್ಮೆ ಕಾಲಿಟ್ಟರು. ಮೊಳಕಾಲಿನವರೆಗೆ ಹೋಯಿತು. ಕಿತ್ತುಕೊಂಡು ಹಿಂದೆ ಸರಿದರು. ಅರ್ಧ ತಾಸು ಹೀಗೇ ನಡೆಯಿತು.

ಕಡೆಗೆ ಅಲ್ಲಿಂದ ಕೂಗು ಬಂತು.

"ಉಳಿವೆಪ್ಪಾ! ದಾರಿ ಯಾವುದೋ? ನನಗ ಗೊತ್ತಾಗವಲ್ದೋ!"

ಗಾಳಿ ನಮ್ಮ ಕಡೆಗೇ ಇತ್ತು. ಪ್ರತಿಯೊಂದು ಅಕ್ಷರವೂ ನೆಟ್ಟಗೆ ಕೇಳಿಸಿತು. ಅಧ್ಯಕ್ಷರು ಕಪ್ಪು ಕೆಳಗಿಟ್ಟು ಗುಮಾಸ್ತನಿಗೆ, "ಬರೆದುಕೊಳ್ಳಿ," ಎಂದರು.

ಉಳಿವೆಪ್ಪ ಎದ್ದ. ಎರಡೂ ಕೈ ಬಾಯಿಗೆ ಹಿಡಿದ.

"ಏನಂದ್ರೀ? ಕೇಳವಲ್ದ್ರೀ!"

"ದಾರಿ ಗೊತ್ತಿಲ್ಲೋ! ತೋರಸು ಬಾರೋ!"

"ಕೇಳವಲ್ದ್ರೀ!" ಈ ಸಲ ಹೊಳೆವ್ವ ಕೂಗಿದಳು. ಅವಳ ಹಿಂದೆ ಸಿರಾಜುದ್ದೀನ. ಎತ್ತು ಕಟ್ಟಿ ತಿರುಗಿ ಬಂದಿದ್ದ ಗುದ್ಲೆಪ್ಪ. ಆಮೇಲೆ ದಂಡೆಯ ಮೇಲಿದ್ದ ನೂರು ಮಂದಿಯೂ ಎದ್ದು ನಿಂತರು.

"ಕೇಳವಲ್ದ್ರೀ!"

ರಾಯರು ಮೂರನೆಯ ಸಲ ಕೂಗಿದರು, ನಾಲ್ಕನೆಯ ಸಲ ಕೂಗಿದರು. ದನಿ ಒಡೆದಿತ್ತು. ಉಳಿವೆಪ್ಪ ಕೋಲು ಕೈಗೆತ್ತಿಕೊಂಡಿದ್ದ, ಆದರೆ ಇನ್ನೂ ಇಳಿದಿರಲಿಲ್ಲ. ನನಗೆ ಮೊದಲನೆಯ ಸಲವೇ ಕೇಳಿಸಿತ್ತು. ಆದರೂ ನಾನು ಅವರೆಲ್ಲರ ನಡುವೆ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ.

"ಇನ್ನೊಮ್ಮೆ ಹೇಳ್ರೀ! ಕೇಳವಲ್ದ್ರೀ!"